ಕಾಲು ತೊಳ್ಕೊಂಡು ಒಳಗೆ ಬಂದ ಬಳ್ಳಿ

ಭೂಮಿ ಆಗಿನ್ನೂ ಹೊಸದು. ಆಗ ತಾನೆ ಕಟ್ಟಿಟ್ಟ ರಾಗಿ ಮುದ್ದೆ ಹಂಗೆ ಸುತ್ತ ಹಬೆ ಆಡ್ತಿತ್ತು. ಬೆಟ್ಟಗಳು ಎಷ್ಟು ಮೆತ್ತಗಿದ್ವು ಅಂದ್ರೆ, ಹೆಬ್ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ತಿತ್ತು. ಗಾಳಿ, ಬಿಸಿಲು, ಹೊಳೆ ಎಲ್ಲಾ ಮಾತಾಡ್ತಿದ್ವು. ಇನ್ನು ಗಿಡಗಳನ್ನಂತೂ ಕೇಳ್ಲೇಬೇಡ. ಬೇಜಾರಾದ್ರೆ ಸಾಕು, ಹೆಂಗಸರು ಸೀರೆ ನೆರಿಗೆ ಎತ್ಕೊಳ್ಳೋ ಹಂಗೆ ಬೇರು ಎತ್ಕೊಂಡು ಪಕ್ಕದ ಗಿಡದ ಹತ್ರ ಹೋಗಿ, ಆಚೆ ಗಿಡದ ವಿಷಯ ಆಡ್ಕೊಂಡು ಬರ್ತಿದ್ವು.

ಆಗ ಯಾರಿಗೂ ಮನೆ ಅಂತ ಇರ್ಲಿಲ್ಲ. ಹುಟ್ಟೋದು ಮರದ ಕೆಳಗೆ, ಉಣ್ಣೋದು ಮರದ ಕೆಳಗೆ, ಗಂಡ ಹೆಂಡ್ತಿ ಜಗಳ ಆಡೋದೂ ಮರದ ಕೆಳಗೇ. ಹಂಗಾಗಿ ಯಾರ ಸಂಸಾರದ ಗುಟ್ಟೂ ಗುಟ್ಟಾಗಿ ಉಳೀತಿರ್ಲಿಲ್ಲ.

ಸಣ್ಣತಾಯಿ ಹುಟ್ಟಿದ್ದೂ ಮರದ ಕೆಳಗೇ. ಹೊಳೆ ಪಕ್ಕ ಒಂದು ದೊಡ್ಡ ಮರ. ಆ ಮರಕ್ಕೆ ಸುತ್ಕೊಂಡು ಒಂದು ಬಳ್ಳಿ. ಬಳ್ಳಿ ಅಂದ್ರೆ ಅಂತಿಂಥ ಬಳ್ಳಿ ಅಲ್ಲ. ಒಂದೊಂದು ಎಲೆ ಮೊರದಷ್ಟು ಅಗಲ. ತುದೀಲಿ ಒಂದೇ ಒಂದು ಹೂವು. ಅದು ಅರಳಿದ್ರೆ ಆಚೆ ಬೆಟ್ಟದೋರು ಅಡುಗೆ ಬಿಟ್ಟು ನೋಡ್ತಾ ನಿಂತ್ಕೋತಿದ್ರು. ಸಣ್ಣತಾಯಿ ಹುಟ್ಟಿದ ದಿನ ಕಣ್ಣು ಬಿಟ್ಟಾಗ ಮೊದಲು ಕಂಡಿದ್ದು ಆ ಬಳ್ಳಿ ಎಲೆ, ಆಮೇಲೆ ಅಮ್ಮನ ಮುಖ. ಮಳೆ ಬಂದ್ರೆ ಬಳ್ಳಿ ಒಂದು ಎಲೆ ಬಗ್ಗಿಸಿ ಕೊಡೆ ಹಿಡೀತಿತ್ತು.

ಮಿಕ್ಕ ಗಿಡಗಳಿಗೆ ಇದನ್ನ ಕಂಡ್ರೆ ಹೊಟ್ಟೆ ಉರಿ. "ನೋಡ್ರೇ ಅವಳ ದಿಮಾಕು. ನೆಟ್ಟಗೆ ನಿಲ್ಲೋಕೆ ಸ್ವಂತ ಸೊಂಟ ಇಲ್ಲ, ಇನ್ನೊಬ್ಬರ ಹೆಗಲ ಮೇಲೆ ಮೆರೀತಾಳೆ" ಅಂತ ಆಡ್ಕೋತಿದ್ವು. ಬಳ್ಳಿ ಕೇಳಿಸ್ಕೊಂಡು ಸುಮ್ನಿರ್ತಿತ್ತು.

ಸಣ್ಣತಾಯಿ ದೊಡ್ಡೋಳಾದ್ಲು. ಬೊಮ್ಮ ಅನ್ನೋನನ್ನ ಮದ್ವೆ ಆದ್ಲು. ಬೊಮ್ಮನ ತಾಯಿ ಕೆಂಚವ್ವ. ಅಬ್ಬಬ್ಬಾ, ಅವಳ ಬಾಯಿ! ಕೆಂಚವ್ವ ಗದರಿದ್ರೆ ಹೊಳೆ ಒಂದು ಗಳಿಗೆ ಹರಿಯೋದು ನಿಲ್ಲಿಸಿ, ಆಮೇಲೆ ಮೆತ್ತಗೆ ಮುಂದಕ್ಕೆ ಹೋಗ್ತಿತ್ತು.

ಆದ್ರೆ ಆ ಬಾಯಿ ಹಿಂದೆ ಒಂದು ಸಂಕಟ ಇತ್ತು. ಬೊಮ್ಮನಿಗಿಂತ ಮುಂಚೆ ಕೆಂಚವ್ವನಿಗೆ ಮೂರು ಮಕ್ಕಳು ಹುಟ್ಟಿದ್ವು. ಮೂರೂ ಮರದ ಕೆಳಗೆ, ಮಳೆಗಾಳೀಲಿ. ಒಂದೂ ಐದನೇ ದಿನ ನೋಡ್ಲಿಲ್ಲ. ಅವತ್ತಿಂದ ಕೆಂಚವ್ವ ಗಾಳಿ ಹತ್ರ ಮಾತು ಬಿಟ್ಟಿದ್ಲು. ಗಾಳಿ ಎದುರಿಗೆ ಬಂದ್ರೆ ಸೆರಗು ಎಳ್ಕೊಂಡು ಮುಖ ತಿರುಗಿಸ್ಕೋತಿದ್ಲು.

ಸಣ್ಣತಾಯಿ ಬಸುರಿ ಆದಾಗ ಕೆಂಚವ್ವ ಮಗನ್ನ ಕರೆದು ಹೇಳಿದ್ಲು: "ಲೋ ಬೊಮ್ಮ, ನನ್ನ ಮೊಮ್ಮಗೂಗೆ ಗಾಳಿ ಸೋಕಬಾರದು. ಅದೇನು ಮಾಡ್ತೀಯೋ ಮಾಡು."

ಬೊಮ್ಮ ಮಣ್ಣು ಕಲಸ್ದ. ಒಂದರ ಮೇಲೊಂದು ಉಂಡೆ ಇಟ್ಟು ನಾಲ್ಕು ಕಡೆ ಎಬ್ಬಿಸ್ದ. ಮೇಲೆ ಹುಲ್ಲು ಹೊದಿಸ್ದ. ಅದೇ ಭೂಮಿ ಮೇಲಿನ ಮೊದಲನೇ ಮನೆ.

ನೋಡೋಕೆ ಎಲ್ಲಾ ಬಂದ್ವು. ಆನೆ ಬಂತು, ಇರುವೆ ಬಂತು, ಗಿಡಗಳೆಲ್ಲಾ ಬೇರು ಎತ್ಕೊಂಡು ಬಂದ್ವು. ಗೋಡೆ ಅನ್ನೋದನ್ನ ಯಾರೂ ಕಂಡಿರ್ಲಿಲ್ಲ. ಬಾಗಿಲಲ್ಲಿ ಬಗ್ಗಿ ನೋಡಿದ್ರೆ ಒಳಗೆ ಕಪ್ಪು. ನಡು ಮಧ್ಯಾಹ್ನ, ಆಚೆ ಬಿಸಿಲು ಸುರೀತಾ ಇದೆ, ಒಳಗೆ ಕತ್ತಲೆ ಕಾಲು ಚಾಚ್ಕೊಂಡು ಕೂತಿದೆ! ಎಲ್ಲರ ಮೈಯೂ ಜುಂ ಅಂತು.

"ಇದ್ರೊಳಗೆ ಹೋದೋರು ವಾಪಸ್ ಬರ್ತಾರಾ?" ಅಂತ ದಾಸವಾಳ ಪಿಸಪಿಸ ಅಂತು.

ಸಣ್ಣತಾಯಿ ಹೋದ್ಲು. ಹೆಣ್ಣು ಮಗು ಹೆತ್ಲು. ಕೆಂಚವ್ವ ಬಾಗಿಲು ಎಳೆದ್ಲು.

"ನಲವತ್ತು ದಿನ" ಅಂದ್ಲು. "ಗಾಳಿ ಆಗಲ್ಲ. ಬಿಸಿಲು ಆಗಲ್ಲ. ಆಚೆ ಕಾಲಿಡೋ ಹಂಗಿಲ್ಲ. ಒಳಗೆ ಬರೋರು ಕಾಲು ತೊಳ್ಕೊಂಡೇ ಬರಬೇಕು." ಸೊಸೆ ಕಿವಿಗೆ ಬಟ್ಟೆ ಬಿಗಿದ್ಲು. ಮೈಗೆಲ್ಲಾ ಎಣ್ಣೆ ಅರಿಶಿನ ತಿಕ್ಕಿದ್ಲು. ಇವತ್ತಿಗೂ ಬಾಣಂತಿಗೆ ಇದೆಲ್ಲಾ ಮಾಡ್ತಾರಲ್ಲ, ಅದನ್ನ ಶುರು ಮಾಡಿದ್ದೇ ಕೆಂಚವ್ವ.

ಗೋಡೆ ಎತ್ತರದಲ್ಲಿ ಅಂಗೈ ಅಗಲ ಒಂದು ಕಿಂಡಿ ಇತ್ತು. ಬೊಮ್ಮ ಅದನ್ನ ಮುಚ್ಚೋಕೆ ಮರೆತಿದ್ದ. ಗಂಡಸರು ಮಾಡೋ ಕೆಲಸ, ಏನಾದ್ರೂ ಒಂದು ಉಳಿಸೇ ಬಿಟ್ಟಿರ್ತಾರೆ.

ಸಣ್ಣತಾಯಿಗೆ ಮೊದಲನೇ ದಿನ ಹೆಂಗೋ ಕಳೀತು. ಎರಡನೇ ದಿನ ಎದೆ ಬಿಗೀತು. ಮೂರನೇ ದಿನಕ್ಕೆ ಅವಳು ಮಾತು ಬಿಟ್ಲು. ಹುಟ್ಟಿದಾಗಿಂದ ಒಂದು ದಿನಾನೂ ತಲೆ ಮೇಲೆ ಎಲೆ ಇಲ್ದೆ ಮಲಗಿದೋಳಲ್ಲ. ಈಗ ಎತ್ತ ನೋಡಿದ್ರೂ ಕಪ್ಪು. ಆ ಹೆದರಿಕೆಗೆ ಹಾಲು ಇಳೀಲಿಲ್ಲ. ಎದೆ ಕಲ್ಲಾಗಿತ್ತು, ಒಂದು ತೊಟ್ಟು ಬರ್ಲಿಲ್ಲ. ಮಗು ಚೀಪಿ ಚೀಪಿ ಸೋತು, ಅಳೋದು ಸಣ್ಣ ಆಗ್ತಾ ಬಂತು. ಮೇಕೆ ಹಾಲಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ರೆ ಉಗುಳ್ತಿತ್ತು. ಇನ್ನೂ ಕಣ್ಣೂ ಬಿಟ್ಟಿರ್ಲಿಲ್ಲ.

ಕೆಂಚವ್ವ ಬೈದ್ಲು. "ಏನೇ ಹೆಣ್ಣೇ, ಹಿಂಗೆ ಕಲ್ಲು ಹಂಗೆ ಕೂತ್ರೆ ಹೆಂಗೆ? ಮಗು ಮುಖ ನೋಡೇ." ಬೈತಾ ಬೈತಾ ಮಗು ಅಂಗಾಲು ತಿಕ್ಕಿದ್ಲು. ಅವತ್ತಾಗ್ಲೇ ಮೂರನೇ ದಿನ. ಐದನೇ ದಿನ ಅಂದ್ರೆ ಏನು ಅಂತ ಅವಳಿಗೆ ಗೊತ್ತಿತ್ತು.

ಸಣ್ಣತಾಯಿ ಒಂದೇ ಮಾತು ಅಂದ್ಲು: "ಅತ್ತೆಮ್ಮ, ಒಂಚೂರು ಹಸಿರು ತೋರಿಸಿ."

ಕೆಂಚವ್ವ ಓಡಿದ್ಲು. ಕೈಗೆ ಸಿಕ್ಕ ಸೊಪ್ಪು, ಕೊಂಬೆ ಎಲ್ಲಾ ಮುರ್ಕೊಂಡು ತಂದು ಹಾಸಿಗೆ ಸುತ್ತ ಸಿಕ್ಕಿಸಿದ್ಲು. ಪಾಪ, ಮನೆ ಒಳಗೆ ಹಸಿರು ಇಟ್ಟು ಸಿಂಗಾರ ಮಾಡಿದ ಮೊದಲನೇ ಹೆಂಗಸೂ ಅವಳೇ. ಆದ್ರೆ ಕಿತ್ತ ಎಲೆ ಎಷ್ಟೊತ್ತು ಇರುತ್ತೆ? ಹೊತ್ತು ಇಳಿಯೋ ಹೊತ್ತಿಗೆ ಎಲ್ಲಾ ಜೋತು ಬಿದ್ವು. ಸಣ್ಣತಾಯಿ ಅದನ್ನ ನೋಡಿ ಗೋಡೆ ಕಡೆ ತಿರುಗಿ ಮಲಗಿದ್ಲು.

ನಾಲ್ಕನೇ ದಿನ ಬೆಳಿಗ್ಗೆ, ಕೆಂಚವ್ವ ನೀರಿಗೆ ಹೋದಾಗ, ಕಿಂಡಿ ಹತ್ರ ಯಾರೋ ಉಸ್ ಅಂದ್ರು.

"ಸಣ್ಣೀ, ನಾನು ಗಾಳಿ. ಒಳಗೆ ಬರಲ್ಲ, ಹೆದರಬೇಡ. ನಿಮ್ಮತ್ತೆ ಕಂಡ್ರೆ ನನ್ನ ಚರ್ಮ ಸುಲೀತಾಳೆ."

"ನೀನು ಆ ಮೂರು ಮಕ್ಕಳನ್ನ…" ಅಂದ್ಲು ಸಣ್ಣತಾಯಿ.

ಗಾಳಿ ಕಿಂಡಿಯಿಂದ ಒಂದು ಮಾರು ಹಿಂದಕ್ಕೆ ಸರೀತು. "ಮುದ್ದು ಮಾಡೋಕೆ ಅಂತ ಹೋಗಿದ್ದೆ ಕಣವ್ವ" ಅಂತು. "ನನ್ನ ಕೈ ತಣ್ಣಗಿದೆ ಅಂತ ನನಗೇ ಗೊತ್ತಿರ್ಲಿಲ್ಲ. ನಿನ್ನ ಮಗೂಗೆ ಏನು ಬೇಕು ಹೇಳು, ತರ್ತೀನಿ."

"ಬೇರು ಇರೋ ಹಸಿರು ಯಾರಾದ್ರೂ ನನ್ನ ಜೊತೆ ಬಂದು ಕೂರ್ತಾರಾ ಕೇಳು. ಒಬ್ಬರಾದ್ರೂ."

ಗಾಳಿ ಹೋಯ್ತು. ಒಂದು ಸುತ್ತು ಹಾಕ್ಕೊಂಡು, ಏದುಸಿರು ಬಿಡ್ತಾ ಬಂತು. ಗಾಳಿ ಬಾಯಲ್ಲಿ ಮಾತು ನಿಲ್ಲುತ್ತಾ? ಒಬ್ಬೊಬ್ಬರು ಹೇಳಿದ್ದನ್ನೂ ಅವರವರ ಧ್ವನೀಲೇ ಒಪ್ಪಿಸ್ತು.

"ದಾಸವಾಳ ಏನಂತು ಗೊತ್ತಾ? 'ಅಯ್ಯೋ, ಕತ್ತಲೇಲಿ ನನ್ನ ಹೂವು ಯಾರು ನೋಡ್ತಾರೆ?' ಅಂತು. ಬಾಳೆ ಅಂತು, 'ನನ್ನ ಕಾಲು ಸುತ್ತ ಇಷ್ಟು ಮರಿ ಇಟ್ಕೊಂಡು ಎಲ್ಲಿಗೆ ಹೋಗ್ಲಿ?' ಮಾವು ಅಂತು, 'ಬಾಗಿಲ ತನಕ ಎಲೆ ಕಳಿಸ್ತೀನಿ, ನಾನು ಬರಲ್ಲ.' ತುಳಸಿ ಒಳ್ಳೇದು, ಅಂಗಳದ ತನಕ ಬಂದೂ ಬಿಟ್ಟಿದೆ. ಹೊಸ್ತಿಲು ನೋಡಿ ಅಲ್ಲೇ ನಿಂತಿದೆ, ಒಂದು ಹೆಜ್ಜೆ ಮುಂದೆ ಇಡ್ತಿಲ್ಲ."

ಸಣ್ಣತಾಯಿ ಕಣ್ಣು ಮುಚ್ಕೊಂಡ್ಲು.

"ತಾಳೇ, ಇನ್ನೂ ಮುಗೀಲಿಲ್ಲ. ಹೊಳೆ ಪಕ್ಕದ ಬಳ್ಳಿ ಇದೆಯಲ್ಲ, ಅದನ್ನ ನಾನು ಕೇಳೇ ಇರ್ಲಿಲ್ಲ. ಸೊಂಟ ಇಲ್ದಿರೋದು, ಅದೇನು ಬರುತ್ತೆ ಅಂತ. ಅದೇ ಮರದಿಂದ ಒಂದೊಂದೇ ಕೈ ಬಿಡಿಸ್ಕೊಂಡು ಕೆಳಗಿಳೀತು. 'ಅವಳು ನನ್ನ ಕೆಳಗೆ ಹುಟ್ಟಿದ ಹುಡುಗಿ' ಅಂತು. ನೆಲದ ಮೇಲೆ ತೆವಳ್ಕೊಂಡು ಬರ್ತಿದೆ ಸಣ್ಣೀ. ಮಿಕ್ಕೋರೆಲ್ಲಾ ದಾರಿ ಬಿಟ್ಟು ನಿಂತಿದ್ದಾರೆ."

ಅಷ್ಟೊತ್ತಿಗೆ ಬಾಗಿಲಲ್ಲಿ ಕೆಂಚವ್ವನ ಧ್ವನಿ ಕೇಳಿಸ್ತು.

"ಯಾರೇ ನೀನು? ಮೈಯೆಲ್ಲಾ ಮಣ್ಣು ಮಾಡ್ಕೊಂಡು ಬಾಣಂತಿ ಕೋಣೆಗೆ ನುಗ್ತೀಯಲ್ಲ, ನಿನಗೇನು ರೀತಿ ನೀತಿ ಇಲ್ವಾ?"

"ಸಣ್ಣತಾಯಿ ನೋಡೋಕೆ ಬಂದೆ ಅವ್ವ."

"ಕಾಲು ತೊಳ್ಕೋ ಮೊದಲು."

ಗಿಡಕ್ಕೆ ಕಾಲು ಅಂದ್ರೆ ಬೇರು. ಬೇರು ಅಂದ್ರೆ ಮಣ್ಣು. ಮಣ್ಣು ಬಿಟ್ಟ ಗಿಡ ಬದುಕಿದ್ದು ಅಲ್ಲೀ ತನಕ ಯಾರೂ ಕಂಡಿರ್ಲಿಲ್ಲ. ಸಣ್ಣತಾಯಿ ಬಾಗಿಲ ಸಂದೀಲಿ ನೋಡಿದ್ಲು. ಬಳ್ಳಿ ತನ್ನ ಬೇರು ಒಂದು ಸಲ ನೋಡ್ಕೊಂತು. ಆಮೇಲೆ ಬೇರು ಮುಂದಕ್ಕೆ ಚಾಚ್ತು. ಕೆಂಚವ್ವ ಚೆಂಬಿಂದ ನೀರು ಹೊಯ್ದ್ಲು. ಹುಟ್ಟಿದಾಗಿಂದ ಹಿಡ್ಕೊಂಡಿದ್ದ ಮಣ್ಣೆಲ್ಲಾ ಕರಗಿ ಅಂಗಳದಲ್ಲಿ ಹರೀತು. ಬೇರು ಬೆಳ್ಳಗೆ, ಎಳೆ ಮಗು ಬೆರಳು ಹಂಗೆ, ಬರೀ ಮೈಯಾಗಿ ನಿಂತ್ವು.

"ಆ ಹೂವಿನ ಘಾಟು ಕೂಸಿಗೆ ಆಗಲ್ಲ" ಅಂದ್ಲು ಕೆಂಚವ್ವ. "ಅದನ್ನ ಆಚೇನೇ ಬಿಡು."

ಬಳ್ಳಿ ಬಗ್ಗಿ ಹೂವನ್ನ ಹೊಸ್ತಿಲಾಚೆ ಇಟ್ತು. ಆಚೆ ಬೆಟ್ಟದೋರು ಅಡುಗೆ ಬಿಟ್ಟು ನೋಡ್ತಿದ್ರಲ್ಲ, ಆ ಹೂವನ್ನ! ದಾಸವಾಳ ಬಾಯಿ ಮೇಲೆ ಎಲೆ ಇಟ್ಕೊಂತು. ಬಾಗಿಲು ಸಣ್ಣದು ಅಂತ ಬಳ್ಳಿ ಮೊರದಗಲದ ಎಲೆಗಳನ್ನೂ ಮಡಿಸಿ ಮಡಿಸಿ ವೀಳ್ಯದೆಲೆಯಷ್ಟು ಮಾಡ್ಕೊಂತು. ತಲೆ ಬಗ್ಗಿಸಿ ಒಳಗೆ ಬಂತು.

ಕೆಂಚವ್ವನಿಗೆ ಇನ್ನೂ ಸಮಾಧಾನ ಇಲ್ಲ. ಬೇರಿನ ಸಂದೀಲಿ ಮಣ್ಣು ಉಳಿದಿರಬಹುದು ಅಂತ, "ಒಂದು ಗಳಿಗೆ ಇದ್ರಲ್ಲಿ ಕಾಲು ನೆನೆಸ್ಕೊಂಡಿರು" ಅಂತ ಚೆಂಬಿನ ನೀರೊಳಗೇ ಅದನ್ನ ನಿಲ್ಲಿಸಿದ್ಲು. ಚೆಂಬನ್ನ ಹಾಸಿಗೆ ತಲೆ ಹತ್ರ ಇಟ್ಲು. ಆಮೇಲೆ ಮಗು ಕೆಮ್ಮಿತು ಅಂತ ಆ ಕಡೆ ಓಡಿದ್ಲು. ಅಷ್ಟೇ. ಬಳ್ಳೀನ ಚೆಂಬಿಂದ ತೆಗೀಬೇಕು ಅನ್ನೋದು ಅವಳಿಗೆ ಮರೆತೇ ಹೋಯ್ತು. ಕೂತ್ಕೋ ಅಂತ ಮನೆಯೋರು ಹೇಳದೆ ಕೂರೋದು ಹೆಂಗೆ ಅಂತ ಬಳ್ಳೀನೂ ಚೆಂಬಲ್ಲೇ ನಿಂತಿತ್ತು.

ಸಣ್ಣತಾಯಿ ಕೈ ಚಾಚಿ ಒಂದು ಎಲೆ ಹಿಡ್ಕೊಂಡ್ಲು. ಗೋಡೆ ಕಡೆಯಿಂದ ಈ ಕಡೆ ತಿರುಗಿ ಮಲಗಿದ್ಲು.

ಐದನೇ ದಿನ ಬೆಳಗಾಯ್ತು.

ಬಳ್ಳಿ ಸೋತಿತ್ತು. ಎಲೆಗಳು ಇಳಿಬಿದ್ದಿದ್ವು. ಕಾಲಡಿ ಮಣ್ಣಿಲ್ಲ, ತಲೆ ಮೇಲೆ ಬಿಸಿಲಿಲ್ಲ. ಮಗು ಅಳು ನಿಲ್ಲಿಸಿ ಬಾಯಿ ಮಾತ್ರ ಅಲ್ಲಾಡಿಸ್ತಿತ್ತು. ಸಣ್ಣತಾಯಿ ಒಂದು ಕೈ ಮಗು ಮೇಲೆ, ಒಂದು ಕೈ ಬಳ್ಳಿ ಮೇಲೆ ಇಟ್ಕೊಂಡು, ಯಾವುದು ಮೊದಲು ತಣ್ಣಗಾಗುತ್ತೋ ಅಂತ ಕೂತಿದ್ಲು.

ಆಗ ಕಿಂಡೀಲಿ ಏನೋ ಬೆಳ್ಳಗಾಯ್ತು. ಸೂರ್ಯ. ಬೆಳಿಗ್ಗೆ ಎದ್ದು ಲೋಕದ ಗಿಡಗಳನ್ನೆಲ್ಲಾ ಮಾತಾಡಿಸ್ಕೊಂಡು ಬಂದಿದ್ದ. ಹೊಳೆ ಪಕ್ಕ ಒಬ್ಬಳು ಕಾಣ್ಲಿಲ್ಲ. ಹುಡುಕ್ಕೊಂಡು ಬಂದಿದ್ದ.

ಕೆಂಚವ್ವ ಅದನ್ನ ನೋಡಿದ್ಲು. "ಅಯ್ಯೋ, ಬಿಸಿಲು ಬರುತ್ತೆ, ಇವತ್ತೇ ಐದನೇ ದಿನ!" ಅಂತ ಹಳೇ ಬಟ್ಟೆ ಉಂಡೆ ಮಾಡ್ಕೊಂಡು ಕಿಂಡಿ ಮುಚ್ಚೋಕೆ ಹೋದ್ಲು.

"ಮುಚ್ಚಬೇಡಿ ಅತ್ತೆಮ್ಮ!"

ಅಷ್ಟು ಜೋರಾಗಿ ಸಣ್ಣತಾಯಿ ಯಾವತ್ತೂ ಅತ್ತೆ ಎದುರಿಗೆ ಮಾತಾಡಿರ್ಲಿಲ್ಲ. ಕೆಂಚವ್ವನ ಕೈ ಅಲ್ಲೇ ನಿಲ್ತು. ಸೊಸೆ ಬೆರಳು ತೋರಿಸಿದ ಕಡೆ ನೋಡಿದ್ಲು.

ಬಳ್ಳಿ ತಿರುಗ್ತಿತ್ತು.

ಮೆಲ್ಲಗೆ. ಕಣ್ಣಿಗೆ ಕಂಡೂ ಕಾಣದ ಹಂಗೆ. ನೆಲ ಇಲ್ಲ, ಹಿಡ್ಕೊಳ್ಳೋಕೆ ಮರ ಇಲ್ಲ, ಬೀಸೋಕೆ ಗಾಳಿ ಇಲ್ಲ. ಆದ್ರೂ ಒಂದು ಎಲೆ ಮುಖ ಎತ್ತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಲ್ಲಾ ಎಲೆಗಳೂ, ಒಂದಾದ ಮೇಲೆ ಒಂದು, ಆ ಅಂಗೈ ಅಗಲದ ಬೆಳಕಿನ ಕಡೆ.

ಕಿಂಡಿ ಆಚೆಯಿಂದ ಸೂರ್ಯ ಕೇಳ್ದ. ಅವನ ಧ್ವನಿ ಕಿವಿಗೆ ಕೇಳಿಸೋದಲ್ಲ, ಮೈಗೆ ಬೆಚ್ಚಗೆ ತಾಕೋದು.

"ಒಳಗೆ ಯಾರು?"

"ನಾನು, ಬಳ್ಳಿ."

"ನಿನ್ನ ಹೂವೆಲ್ಲಿ?"

"ಹೊಸ್ತಿಲಾಚೆ ಬಿಟ್ಟೆ."

"ಮಣ್ಣೆಲ್ಲಿ?"

"ತೊಳ್ಕೊಂಡೆ."

"ಮತ್ತೆ ಯಾತರ ಮೇಲೆ ನಿಂತಿದ್ದೀಯ?"

"ನೀರ ಮೇಲೆ."

ಸೂರ್ಯ ಕಿಂಡಿಗೆ ಇನ್ನೊಂಚೂರು ಹತ್ರ ಬಂದ. ಹೊಳೆ ನಿಂತು ಕೇಳಿಸ್ಕೊಂತು. ಹೊಸ್ತಿಲ ಹತ್ರ ತುಳಸಿ ತಲೆ ಬಗ್ಗಿಸ್ತು.

"ಯಾಕೆ ತಾಯಿ? ಏನು ಬೇಕು ನಿನಗೆ?"

"ನನಗೇನೂ ಬೇಡ. ಒಳಗೆ ಒಬ್ಬಳು ಬಾಣಂತಿ ಇದ್ದಾಳೆ. ಒಂಚೂರು ಬೆಳಕು ಕೊಡು."

ಅಲ್ಲೀ ತನಕ ಸೂರ್ಯ ಯಾರಿಗೂ ಬಗ್ಗಿದವನಲ್ಲ. ನೆಟ್ಟಗೆ ಹುಟ್ಟಿ ನೆಟ್ಟಗೆ ಹೋಗೋನು. ಅವತ್ತು ಅವನು ಬಗ್ಗಿದ. ಸೊಂಟ ಬಗ್ಗಿಸಿ, ಓರೆಯಾಗಿ, ಆ ಕಿಂಡೀಲಿ ಒಂದೇ ಒಂದು ಎಳೆ ಬೆಳಕನ್ನ ಒಳಗೆ ಇಳಿಸ್ದ. ಆ ಎಳೇಲಿ ದೂಳಿನ ಕಣ ಎಲ್ಲಾ ಚಿನ್ನ ಆಗಿ ತೇಲಿದ್ವು. ಬೆಳಕು ಬಳ್ಳಿ ಮೇಲೆ ಬಿತ್ತು. ಕತ್ತಲೆ ಕೋಣೆ ಮಧ್ಯೆ ಆ ಹಸಿರು ಧಗ್ ಅಂತ ಹೊತ್ಕೊಂತು.

ಸಣ್ಣತಾಯಿ ಕಣ್ಣು ಮಿಟುಕಿಸ್ಲಿಲ್ಲ. ಕೆಂಚವ್ವ, ಹೊಳೇನೇ ಗದರಿಸೋ ಕೆಂಚವ್ವ, ಬಟ್ಟೆ ಉಂಡೆ ಹಿಡ್ಕೊಂಡೇ ನೆಲದ ಮೇಲೆ ಕುಸಿದು ಕೂತ್ಲು.

ಬಳ್ಳಿ ತುದಿ ಎಲೇಲಿ ಒಂದು ಹನಿ ಕೂಡ್ತು. ಗುಂಡಗೆ, ಬೆಳಕು ತುಂಬ್ಕೊಂಡು ತೂಗಾಡ್ತು. ಪಟ್ ಅಂತ ಮಗು ಹಣೆ ಮೇಲೆ ಬಿತ್ತು.

ಮಗು ಕಣ್ಣು ಬಿಡ್ತು. ಅಮ್ಮನ ಹಂಗೇ ಅದಕ್ಕೂ ಮೊದಲು ಕಂಡಿದ್ದು ಆ ಬಳ್ಳಿ ಎಲೆ, ಆಮೇಲೆ ಅಮ್ಮನ ಮುಖ.

ಸಣ್ಣತಾಯಿ ಎದೇಲಿ ಏನೋ ಸಡಿಲ ಆಯ್ತು. "ಅತ್ತೆಮ್ಮ" ಅಂದ್ಲು, "ಸೀರೆ ಒದ್ದೆ ಆಗ್ತಿದೆ."

"ಹಾಲು ಕಣೇ!" ಅಂತ ಕೆಂಚವ್ವ ಕಿರುಚಿದ್ಲು. "ಹಾಲು ಕಣೇ ನನ್ನವ್ವ! ಹಂಗೇ ಬಾಯಿ ಬಿಟ್ಕೊಂಡು ಕೂತಿದ್ದೀಯಲ್ಲ, ಎತ್ಕೊಳ್ಳೇ ಕೂಸ್ನ!" ಅಂತ ಬೈತಾ ಬೈತಾ ಅತ್ಲು. ಕಿಂಡಿ ಆಚೆ ನಿಂತಿದ್ದ ಗಾಳಿ ಕಡೆ ಮುಖ ಮಾಡಿ, ಅಷ್ಟು ವರ್ಷದ ಮೇಲೆ ಮೊದಲ ಸಲ, "ನೀನೂ ನೋಡು ಬಾ, ದೂರದಿಂದ" ಅಂದ್ಲು.

ನಲವತ್ತು ದಿನ ಮುಗೀತು. ಬಾಗಿಲು ತೆಗೆದ್ರು. ಆ ಹೊತ್ತಿಗೆ ಸುತ್ತ ಇನ್ನೂ ನಾಲ್ಕು ಮನೆ ಎದ್ದಿದ್ವು. ಒಬ್ಬರು ಕಟ್ಟಿದ್ದು ನೋಡಿ ಇನ್ನೊಬ್ಬರು ಬಿಡ್ತಾರಾ? ಎಲ್ಲಾ ಹೆಂಗಸರೂ ಮಗು ನೋಡೋ ನೆಪದಲ್ಲಿ ಬಂದು ಬಳ್ಳಿ ನೋಡ್ತಾ ನಿಂತ್ರು. "ಮನೆಗೆ ಎಷ್ಟು ಲಕ್ಷಣ ಬಂದಿದೆ ನೋಡ್ರೇ" ಅಂದ್ರು. ಪಕ್ಕದ ಮನೆ ಜವನಮ್ಮ, "ಒಂದು ತುಂಡು ಕೊಡ್ರೀ ಕೆಂಚವ್ವ" ಅಂತ ಕೇಳೋಕೆ ಮರ್ಯಾದೆ ಅಡ್ಡ ಬಂದು, ಯಾರೂ ನೋಡದಾಗ ಪುಟಕ್ ಅಂತ ಒಂದು ಗೆಣ್ಣು ಮುರಿದು ಸೆರಗಲ್ಲಿ ಸಿಕ್ಕಿಸ್ಕೊಂಡು ಹೋದ್ಲು. ಅದೂ ನೀರಲ್ಲಿ ನಿಲ್ತು. ಅವಳ ಮನೆಯಿಂದ ಇನ್ನೊಬ್ಬಳು ಕದ್ಲು. ಹಿಂಗೇ ಮನೆ ಮನೆಗೆ ಹೋಯ್ತು. ಕದ್ದ ತುಂಡೇ ಚೆನ್ನಾಗಿ ಚಿಗುರುತ್ತೆ ಅಂತ ಹೆಂಗಸರು ಇವತ್ತಿಗೂ ಹೇಳೋದು ಅದಕ್ಕೇ. ತಮ್ಮ ತಪ್ಪು ಮುಚ್ಕೋಬೇಕಲ್ಲ.

ಎಲ್ಲರೂ ಹೋದ ಮೇಲೆ ಕೆಂಚವ್ವ ಅರಿಶಿನದ ಬಟ್ಟಲು ತಂದ್ಲು. ಮನೆಗೆ ಬಂದ ಮುತ್ತೈದೆಗೆ ಕಳಿಸೋ ಮುಂಚೆ ಅರಿಶಿನ ಹಚ್ಚೋ ಹಂಗೆ, ಬೆರಳು ಅದ್ದಿ ಒಂದೊಂದು ಎಲೆಗೂ ಎಳೆದ್ಲು. ಒದ್ದೆ ಬೆರಳು, ಅಲ್ಲಲ್ಲಿ ಚೆಲ್ಲಿತು, ಅಲ್ಲಲ್ಲಿ ಗೀರಾಯ್ತು.

"ನಿನ್ನ ಕಾಲು ಚೆಂಬಲ್ಲಿ ಮರೆತುಬಿಟ್ಟೆ ತಾಯಿ, ತಪ್ಪಾಯ್ತು" ಅಂದ್ಲು. "ಬಾಗಿಲು ತೆಗ್ದಿದೆ. ನಿನ್ನ ಮರ ಕಾಯ್ತಾ ಇರುತ್ತೆ. ಹೋಗಿ ಬಾ."

ಸಣ್ಣತಾಯಿ ಬಳ್ಳಿಯ ಒಂದು ಎಲೆ ಹಿಡ್ಕೊಂಡ್ಲು.

ಬಳ್ಳಿ ಬಾಗಿಲು ನೋಡ್ತು. ಹೊಸ್ತಿಲಾಚೆ ಇಟ್ಟ ಹೂವು ಯಾವತ್ತೋ ಒಣಗಿ ಹೋಗಿತ್ತು. ಬಾಗಿಲಿಂದ ಕಣ್ಣು ಕಿತ್ತು ಮಗು ನೋಡ್ತು. ಮಗು ಅದರ ಎಳೇ ಕುಡಿಯೊಂದನ್ನ ಮುಷ್ಟೀಲಿ ಹಿಡ್ಕೊಂಡು ನಿದ್ದೆ ಹೋಗಿತ್ತು.

"ಆಚೆ ಇರೋ ಮಕ್ಕಳಿಗೆ ಮರಗಳಿವೆ ಅವ್ವ" ಅಂತು ಬಳ್ಳಿ. "ಒಳಗೆ ಹುಟ್ಟೋ ಮಕ್ಕಳಿಗೆ ಯಾರಾದ್ರೂ ಬೇಕಲ್ಲ." ಹಂಗೆ ಅಂದು, ಚೆಂಬೊಳಗೆ ಕಾಲು ಇನ್ನೊಂಚೂರು ಚಾಚ್ಕೊಂತು.

ನಿಮ್ಮ ಮನೇಲಿ ಟಿವಿ ಪಕ್ಕ ಬಾಟ್ಲಿ ನೀರಲ್ಲಿ ಮನಿಪ್ಲಾಂಟ್ ಅಂತ ಇಟ್ಟಿದ್ದಾರಲ್ಲ ಮಗಾ, ಹೋಗಿ ನೋಡು. ಬೇರು ಬೆಳ್ಳಗೆ ತೊಳೆದಿಟ್ಟ ಹಂಗೇ ಇದೆ. ಹೂವು ಬಿಡಲ್ಲ. ಮರಕ್ಕೆ ಹತ್ತಿಸಿದ್ರೆ ಮೊರದಗಲ ಆಗೋ ಎಲೆ, ಮನೆ ಒಳಗೆ ವೀಳ್ಯದೆಲೆಯಷ್ಟೇ. ಮೇಲೆ ಕೆಂಚವ್ವನ ಅರಿಶಿನದ ಬೆರಳು. ಕೆಲವು ದಿನ ಬೆಳಿಗ್ಗೆ ಎಲೆ ತುದೀಲಿ ಒಂದು ಹನಿನೂ ಇರುತ್ತೆ. ಬೇಕಾದ್ರೆ ಆ ಬಾಟ್ಲೀನ ಗೋಡೆ ಕಡೆ ತಿರುಗಿಸಿ ಇಟ್ಟುಬಿಡು. ನಾಲ್ಕು ದಿನ ಬಿಟ್ಟು ನೋಡು, ಎಲೆಗಳೆಲ್ಲಾ ಮತ್ತೆ ಕಿಟಕಿ ಕಡೆ ಮುಖ ಮಾಡಿರ್ತವೆ. ಒಳಗೆ ಒಬ್ಬಳು ಬಾಣಂತಿ ಇದ್ದಾಳೆ, ಒಂಚೂರು ಬೆಳಕು ಕೊಡು ಅಂತ ಅವತ್ತು ಕೇಳಿದ್ದನ್ನ ಅದು ಇವತ್ತಿಗೂ ಕೇಳ್ತಾನೇ ಇದೆ.